ಮೂಳೆ ಕೂಡಿದ ಮೇಲಿನ ಕೆಲಸ: ರೆಕ್ಕೆ ಮುರಿದ ಹದ್ದೊಂದರ ಪ್ರಕರಣ ಅಧ್ಯಯನ

ಗಾಯಗೊಂಡ ಬೇಟೆಹಕ್ಕಿಯೊಂದು ಚಿಕಿತ್ಸೆಗೆ ಬಂದಾಗ ಎಲ್ಲರ ಗಮನವೂ ಮುರಿದ ಮೂಳೆಯ ಮೇಲೆ ನೆಟ್ಟಿರುತ್ತದೆ. ಇಲ್ಲಿ ದಾಖಲಿಸುತ್ತಿರುವ ಪ್ರಕರಣದಲ್ಲಿ ಮೂಳೆ ಮೂರು ವಾರಗಳ ಆಸುಪಾಸಿನಲ್ಲೇ ಕೂಡಿಕೊಂಡಿತು. ಹಕ್ಕಿಯನ್ನು ಬಿಡಲು ಮಾತ್ರ ಅದಾದ ಮೇಲೆ ತಿಂಗಳುಗಳೇ ಹಿಡಿದವು. ಆ ಅವಧಿಯಲ್ಲಿ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಮೂಲ ಗಾಯದಿಂದ ಬಂದವಲ್ಲ. ಹಕ್ಕಿ ಹಾರದೆ, ಗೋಡೆಗಳ ನಡುವೆ, ಮನುಷ್ಯರ ಕೈಯಲ್ಲಿ ಕಳೆದ ದಿನಗಳಿಂದ ಬಂದವು. ಸೆರೆಯೇ ಒಂದು ಗಾಯವೆಂದು ತಿಳಿದು, ಅದಕ್ಕೂ ಮೊದಲ ಗಂಟೆಯಿಂದಲೇ ಚಿಕಿತ್ಸೆ ನಡೆಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದೂ ಅದೇ ಕಾರಣಕ್ಕೆ.

ಬಂದಾಗಿನ ಸ್ಥಿತಿ

ಹಕ್ಕಿ ಒಂದು ಬೆಳೆದ ಕರಿಹದ್ದು. ಎಳೆಯ ಹದ್ದುಗಳ ಎದೆ ಮತ್ತು ಬೆನ್ನಿನ ಮೇಲೆ ಕಾಣುವ ಮಾಸಲು ಬಿಳಿಯ ಗೀರು-ಚುಕ್ಕೆಗಳು ಇದರಲ್ಲಿ ಇರಲಿಲ್ಲ. ವಯಸ್ಸನ್ನು ಮೊದಲೇ ಗುರುತಿಸುವುದು ಮುಖ್ಯ, ಏಕೆಂದರೆ ಮರಿಹಕ್ಕಿಗೆ ಆಹಾರ ಹುಡುಕುವುದನ್ನೂ ಕಲಿಯುವ ಅವಕಾಶ ಒದಗಿಸಬೇಕಾಗುತ್ತದೆ, ಬೆಳೆದ ಹಕ್ಕಿಗೆ ಅದು ಆಗಲೇ ಗೊತ್ತಿರುತ್ತದೆ, ದೇಹವನ್ನು ಸರಿಪಡಿಸಿಕೊಟ್ಟರೆ ಸಾಕು. ವಿದ್ಯುತ್ ತಂತಿಗಳ ಕೆಳಗೆ ನೆಲದ ಮೇಲೆ ಸಿಕ್ಕಿದ್ದರಿಂದ ತಂತಿಗೆ ಬಡಿದು ಬಿದ್ದಿರಬೇಕೆಂದು ಊಹಿಸಿದೆವು. ವಿದ್ಯುತ್ ತಗುಲಿದ ಸುಟ್ಟ ಗುರುತು ಕಾಲಿನಲ್ಲಾಗಲಿ ಗರಿಗಳಲ್ಲಾಗಲಿ ಇರಲಿಲ್ಲ.

ಕಂಡವರು ಮರುಕದಿಂದಲೇ ಅದನ್ನು ಎತ್ತಿಕೊಂಡು ಹೋಗಿ, ನಮಗೆ ತಲುಪಿಸುವ ತನಕ ತಂತಿ ಬಲೆಯ ಪಂಜರದಲ್ಲಿ ಇಟ್ಟಿದ್ದರು. ಬೇಟೆಹಕ್ಕಿಗೆ ತಂತಿಯ ಪಂಜರದಷ್ಟು ಕೆಟ್ಟ ಜಾಗ ಬೇರೊಂದಿಲ್ಲ. ಬೆಳಕು ಕಂಡ ಕಡೆಗೆಲ್ಲ ಅದು ನುಗ್ಗುತ್ತದೆ, ಬಾಲದ ಗರಿಗಳು ಕಂಡಿಗಳಲ್ಲಿ ಸಿಕ್ಕಿ ತಿರುಚಿ ಮುರಿಯುತ್ತವೆ. ಗಾಳಿಯಾಡಲು ಕೆಳಭಾಗದಲ್ಲಿ ತೂತು ಮಾಡಿ, ಒಳಗೆ ಒರಟು ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯನ್ನು ಮುಚ್ಚಿ ಕತ್ತಲಲ್ಲಿಟ್ಟರೆ ಅದೇ ಹಕ್ಕಿ ಶಾಂತವಾಗಿ ಕೂರುತ್ತದೆ. ಈ ಹದ್ದಿನ ಬಾಲದ ಹನ್ನೆರಡು ಗರಿಗಳಲ್ಲಿ ಏಳು ಮುರಿದಿದ್ದವು, ಎಡರೆಕ್ಕೆಯ ತುದಿಯ ಮೂರು ಗರಿಗಳು ಅರ್ಧಕ್ಕೆ ತುಂಡಾಗಿದ್ದವು.

ತಲೆಯ ಮೇಲೆ ಬಟ್ಟೆ ಮುಚ್ಚಿ, ಮೊದಲು ಎರಡೂ ಕಾಲುಗಳನ್ನು ಭದ್ರಪಡಿಸಿಕೊಂಡು ಹಕ್ಕಿಯನ್ನು ಎತ್ತಿಕೊಂಡೆವು. ಅಪಾಯವಿರುವುದು ಕೊಕ್ಕಿಗಿಂತ ಉಗುರುಗಳಲ್ಲಿ. ಎದೆಯನ್ನು ಅಮುಕದಂತೆಯೂ ನೋಡಿಕೊಳ್ಳಬೇಕು. ಹಕ್ಕಿಗಳಿಗೆ ನಮ್ಮಂತೆ ವಪೆಯಿಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರಷ್ಟೇ ಅವು ಉಸಿರಾಡಬಲ್ಲವು. ಗರಿಗಳನ್ನು ಬಿಡಿಸಿದಾಗ ಚಪ್ಪಟೆ ದೇಹದ ಪರೋಪಜೀವಿ ನೊಣಗಳು ಒಳಗಿಂದ ಹೊರಗೋಡಿದವು. ಎದೆಯ ಏಣುಮೂಳೆ ಬೆರಳಿಗೆ ಚೂಪಾಗಿ ತಗಲುತ್ತಿತ್ತು, ಅದರ ಎರಡೂ ಬದಿಯ ಮಾಂಸಖಂಡ ಇಳಿದುಹೋಗಿತ್ತು. ತೂಕ 560 ಗ್ರಾಂ. ಬಾಯಿಯೊಳಗೆ ಟ್ರೈಕೊಮೊನಾಸ್ ಸೋಂಕಿನ ಹಳದಿ ಗಂಟುಗಳಿರಲಿಲ್ಲ, ಕಣ್ಣಿನ ಹಿಂಭಾಗದಲ್ಲಿ ರಕ್ತಸ್ರಾವವೂ ಇರಲಿಲ್ಲ. ಡಿಕ್ಕಿ ಹೊಡೆದ ಹಕ್ಕಿಯಲ್ಲಿ ಕಣ್ಣಿನ ಪರೀಕ್ಷೆಯನ್ನು ಎಂದಿಗೂ ಬಿಡುವಂತಿಲ್ಲ, ಏಕೆಂದರೆ ಹೊರಗಿನಿಂದ ನಿರ್ಮಲವಾಗಿ ಕಾಣುವ ಕಣ್ಣಿನ ಒಳಗೇ ಅಕ್ಷಿಪಟ ಹರಿದಿರಬಹುದು.

ಎಡ ಮುಂಗೈಯ ಗರಿಗಳನ್ನು ಒದ್ದೆಮಾಡಿ ಸರಿಸಿದಾಗ ಚರ್ಮ ಎಲೆಹಸಿರು ಬಣ್ಣಕ್ಕೆ ತಿರುಗಿತ್ತು. ಮೊದಲ ಬಾರಿಗೆ ನೋಡುವವರು ಇದನ್ನು ಕೊಳೆತವೆಂದು ಭಾವಿಸಿ ಗಾಬರಿಯಾಗುವುದುಂಟು. ಹಕ್ಕಿಗಳಲ್ಲಿ ರಕ್ತದ ವರ್ಣದ್ರವ್ಯ ಒಡೆಯುವಾಗ ಬಿಲಿವರ್ಡಿನ್ ಎಂಬ ಹಸಿರು ವಸ್ತುವಿನ ಹಂತದಲ್ಲೇ ನಿಲ್ಲುತ್ತದೆ, ಆದ್ದರಿಂದ ಪೆಟ್ಟು ಬಿದ್ದ ಎರಡು-ಮೂರು ದಿನಗಳಲ್ಲಿ ಆ ಜಾಗ ಹಸಿರಾಗುತ್ತದೆ. ನಮಗೆ ಇದರಿಂದ ಗಾಯದ ವಯಸ್ಸು ತಿಳಿಯಿತು. ಚರ್ಮ ಹರಿದು ಮೂಳೆ ಹೊರಬಂದಿರಲಿಲ್ಲ. ಹೊರಬಂದು ಒಣಗಿದ ಮೂಳೆ ಬದುಕುವ ಸಾಧ್ಯತೆ ತೀರಾ ಕಡಿಮೆ; ಹಾಗಿದ್ದಿದ್ದರೆ ಈ ಪ್ರಕರಣ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲ ಎರಡು ದಿನ

ಹಕ್ಕಿಯನ್ನು ಕೂಡಲೇ ಎಕ್ಸ್-ರೇ ಮೇಜಿಗೆ ಒಯ್ಯಲಿಲ್ಲ. ಸೊರಗಿದ ಹಕ್ಕಿಗೆ ಅರಿವಳಿಕೆ ಕೊಡುವುದು ಮುರಿದ ಮೂಳೆಗಿಂತ ದೊಡ್ಡ ಅಪಾಯ. ಮೊದಲು ಬೆಚ್ಚಗಿನ ಕತ್ತಲ ಕೋಣೆ, ಆಮೇಲೆ ದ್ರವ. ಹೀಗೆ ಬರುವ ಹಕ್ಕಿ ದೇಹತೂಕದ ಶೇ. 10ರಷ್ಟು ನೀರನ್ನು ಕಳೆದುಕೊಂಡಿದೆ ಎಂದು ಹಿಡಿದು ಲೆಕ್ಕ ಹಾಕುವುದು ರೂಢಿ. ಅದರಂತೆ ಈ ಹದ್ದಿನ ಕೊರತೆ 56 ಮಿಲಿಲೀಟರ್. ದಿನನಿತ್ಯದ ಅಗತ್ಯ, ಕಿಲೋಗೆ 50 ಮಿಲಿಲೀಟರ್ ಲೆಕ್ಕದಲ್ಲಿ, 28. ಮೊದಲ ದಿನ ಕೊರತೆಯ ಅರ್ಧವನ್ನೂ ದಿನದ ಅಗತ್ಯವನ್ನೂ ಸೇರಿಸಿ, ಹಕ್ಕಿಯ ಮೈಬಿಸಿಗೆ ಹತ್ತಿರವಾಗುವಂತೆ ಬೆಚ್ಚಗೆ ಮಾಡಿದ ಲವಣದ್ರವವನ್ನು ಹಲವು ಸಣ್ಣ ಕಂತುಗಳಲ್ಲಿ ತೊಡೆಯ ಸಂದಿನ ಚರ್ಮದಡಿಗೆ ಕೊಟ್ಟೆವು.

ನೋವಿಗೆ ಮೆಲಾಕ್ಸಿಕ್ಯಾಮ್ ಆರಿಸಿಕೊಂಡೆವು. ಬೇಟೆಹಕ್ಕಿಗಳ ವಿಷಯದಲ್ಲಿ ನೋವುನಿವಾರಕದ ಆಯ್ಕೆ ಎಷ್ಟು ಗಂಭೀರವೆಂಬುದಕ್ಕೆ ಇತಿಹಾಸವೇ ಸಾಕ್ಷಿ: ದಕ್ಷಿಣ ಏಷ್ಯಾದಲ್ಲಿ 1990ರ ದಶಕದಿಂದ ರಣಹದ್ದುಗಳು ಸಾಲುಸಾಲಾಗಿ ಸತ್ತದ್ದಕ್ಕೆ ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಕಾರಣವೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು, 2006ರಲ್ಲಿ ಭಾರತ, ನೇಪಾಳ ಮತ್ತು ಪಾಕಿಸ್ತಾನಗಳು ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದವು. ಅದಕ್ಕೆ ಬದಲಿಯಾಗಿ ರಣಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷೆಗಳಲ್ಲಿ ಕಂಡುಬಂದದ್ದು ಮೆಲಾಕ್ಸಿಕ್ಯಾಮ್.

ಆಹಾರದಲ್ಲಿಯೂ ಅವಸರ ಸಲ್ಲದು. ದಿನಗಟ್ಟಲೆ ಉಪವಾಸವಿದ್ದ ಹಕ್ಕಿಗೆ ಹೊಟ್ಟೆತುಂಬ ಮಾಂಸ ಕೊಟ್ಟರೆ ರಕ್ತದ ಲವಣಗಳ ಸಮತೋಲ ಏಕಾಏಕಿ ತಪ್ಪಿ ಅದು ಸಾಯಬಹುದು. ನೀರಿನಂಶ ತುಂಬಿದ ಮೇಲೆ ನಳಿಕೆಯ ಮೂಲಕ ದ್ರವಾಹಾರ, ಅನಂತರ ಚರ್ಮ-ಮೂಳೆ ತೆಗೆದ ಮಾಂಸದ ಸಣ್ಣ ಚೂರುಗಳು, ಅದು ಜೀರ್ಣವಾಗುತ್ತಿದೆ ಎಂದು ಖಾತ್ರಿಯಾದ ಮೇಲಷ್ಟೇ ತುಪ್ಪಳ-ಮೂಳೆಗಳ ಸಮೇತ ಇಡೀ ಇಲಿ. ಹೀಗೆ ತಿಂದ ಮರುದಿನ ಹದ್ದು ತುಪ್ಪಳದ ಉಂಡೆಯನ್ನು ಕಕ್ಕಿ ಹಾಕಿತು. ಜಠರ ತನ್ನ ಕೆಲಸಕ್ಕೆ ಮರಳಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಮುರಿತ ಮತ್ತು ಚಿಕಿತ್ಸೆಯ ಆಯ್ಕೆ

ಐಸೋಫ್ಲುರೇನ್ ಅರಿವಳಿಕೆಯಲ್ಲಿ ಎರಡು ಕೋನಗಳಿಂದ ತೆಗೆದ ಎಕ್ಸ್-ರೇಗಳಲ್ಲಿ ಅಲ್ನಾ ಮೂಳೆ ನಡುವೆ ಮುರಿದಿರುವುದು ಕಂಡಿತು. ತುಂಡುಗಳು ಹೆಚ್ಚೇನೂ ಸರಿದಿರಲಿಲ್ಲ. ಪಕ್ಕದ ರೇಡಿಯಸ್ ಮೂಳೆ, ಮೊಣಕೈ ಮತ್ತು ಮಣಿಕಟ್ಟಿನ ಕೀಲುಗಳು ಅಖಂಡವಾಗಿದ್ದವು. ದೇಹದಲ್ಲೆಲ್ಲೂ ಗುಂಡಿನ ಚೂರು ಇರಲಿಲ್ಲ. ಹಕ್ಕಿಗಳ ಮುಂಗೈಯಲ್ಲಿ ದಪ್ಪ ಮೂಳೆ ಅಲ್ನಾ, ರೆಕ್ಕೆಯ ಒಳಭಾಗದ ದೊಡ್ಡ ಗರಿಗಳು ನೆಟ್ಟಿರುವುದು ಅದರ ಮೇಲೆಯೇ. ಅದೊಂದೇ ಮುರಿದು ರೇಡಿಯಸ್ ಉಳಿದಿದ್ದರೆ ರೇಡಿಯಸ್ಸೇ ಒಳಗಿನ ದಬ್ಬೆಯಾಗಿ ನಿಲ್ಲುತ್ತದೆ. ಎರಡೂ ಮುರಿದಿದ್ದರೆ ಅಥವಾ ತೋಳಿನ ಹ್ಯೂಮರಸ್ ಮುರಿದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು. ಅಂಥ ಮುರಿತಗಳಿಗೆ ಮಿನ್ನೆಸೋಟ ವಿಶ್ವವಿದ್ಯಾಲಯದ ರ‍್ಯಾಪ್ಟರ್ ಸೆಂಟರ್‌ನಲ್ಲಿ ಪ್ಯಾಟ್ರಿಕ್ ರೆಡಿಗ್ ಅವರು ರೂಪಿಸಿದ, ಮೂಳೆಯೊಳಗಿನ ಸರಳನ್ನು ಹೊರಗಿನ ಚೌಕಟ್ಟಿಗೆ ಜೋಡಿಸುವ ವಿಧಾನ ಹೆಚ್ಚು ಬಳಕೆಯಲ್ಲಿದೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಮೊಣಕೈ ಮತ್ತು ಮಣಿಕಟ್ಟು ಅಲುಗದಂತೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ರೆಕ್ಕೆಗೆ ಬ್ಯಾಂಡೇಜ್ ಸುತ್ತಿದೆವು. ಅದೇ ಅರಿವಳಿಕೆಯಲ್ಲಿ, ಉಳಿದ ಬಾಲದ ಗರಿಗಳು ಸವೆಯದಂತೆ ಅವುಗಳಿಗೆ ಗಟ್ಟಿ ಕಾಗದದ ಕವಚವನ್ನೂ ಹಾಕಿದೆವು.

ಬ್ಯಾಂಡೇಜು ಮೂಳೆಗೆ ಒಳ್ಳೆಯದು, ರೆಕ್ಕೆಗೆ ಕೆಟ್ಟದ್ದು. ಹೆಗಲಿನಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂಅಂಚಿನಲ್ಲಿ ಪಟೇಜಿಯಂ ಎಂಬ ತೆಳು ಚರ್ಮದ ಪಟಲವಿದೆ, ಅದರ ಅಂಚಿನಲ್ಲಿ ಹಿಗ್ಗುವ ಸ್ನಾಯುರಜ್ಜು ಸಾಗುತ್ತದೆ. ರೆಕ್ಕೆ ಮಡಿಸಿದಂತೆಯೇ ವಾರಗಟ್ಟಲೆ ಇದ್ದರೆ ಈ ಪಟಲ ಕುಗ್ಗಿ ಗಿಡ್ಡವಾಗುತ್ತದೆ. ಹಾಗಾದ ಮೇಲೆ ಮೂಳೆ ಎಷ್ಟೇ ಚೆನ್ನಾಗಿ ಕೂಡಿದ್ದರೂ ರೆಕ್ಕೆ ಪೂರ್ತಿ ಬಿಚ್ಚುವುದಿಲ್ಲ. ಆದ್ದರಿಂದ ಮೊದಲ ವಾರ ಕಳೆದ ಮೇಲೆ, ವಾರಕ್ಕೆ ಎರಡು ಬಾರಿ, ಹಕ್ಕಿಗೆ ಅರಿವಳಿಕೆ ಕೊಟ್ಟು ಬ್ಯಾಂಡೇಜು ಬಿಚ್ಚಿ, ಮುರಿತದ ಜಾಗವನ್ನು ಒಂದು ಕೈಯಲ್ಲಿ ಆಧರಿಸಿ, ಇನ್ನೊಂದು ಕೈಯಿಂದ ಮೊಣಕೈ ಮತ್ತು ಮಣಿಕಟ್ಟನ್ನು ನಿಧಾನವಾಗಿ ಚಾಚಿ ಮಡಿಸುವ ವ್ಯಾಯಾಮ ಮಾಡಿಸಿದೆವು. ಎಚ್ಚರವಿರುವ ಹಕ್ಕಿಗೆ ಇದನ್ನು ಮಾಡಬಾರದು. ಅದು ಕೊಸರಿದರೆ ಒಂದೇ ಕ್ಷಣದಲ್ಲಿ ಎಳೆಯ ಬೆಸುಗೆ ಬಿಟ್ಟುಹೋಗುತ್ತದೆ.

ಎರಡು ವಾರಗಳ ಬಳಿಕ ಬ್ಯಾಂಡೇಜು ತೆಗೆದೆವು. ಮೂರನೆಯ ವಾರದ ಎಕ್ಸ್-ರೇಯಲ್ಲಿ ಮುರಿತದ ಸುತ್ತ ಹೊಸ ಮೂಳೆ ಸೇತುವೆ ಕಟ್ಟಿತ್ತು. ಆತಂಕ ಹುಟ್ಟಿಸಿದ ಒಂದು ಸಂಗತಿಯೆಂದರೆ ಆ ಹೊಸ ಮೂಳೆಯ ಉಬ್ಬು ರೇಡಿಯಸ್ಸಿನ ತೀರಾ ಹತ್ತಿರಕ್ಕೆ ಬೆಳೆದಿತ್ತು. ಎರಡು ಮೂಳೆಗಳೂ ಒಂದಕ್ಕೊಂದು ಬೆಸೆದುಕೊಂಡರೆ ಅವು ಪರಸ್ಪರ ಜಾರುವುದು ನಿಲ್ಲುತ್ತದೆ. ಗಾಳಿಗೆ ತಕ್ಕಂತೆ ರೆಕ್ಕೆಯನ್ನು ತಿರುಗಿಸಿಕೊಳ್ಳುವ, ಚಾಚುವಿಕೆ-ಮಡಿಸುವಿಕೆಯನ್ನು ಒಟ್ಟಿಗೇ ನಡೆಸುವ ಹಕ್ಕಿಯ ಶಕ್ತಿ ಈ ಜಾರುವಿಕೆಯನ್ನೇ ಅವಲಂಬಿಸಿದೆ. ಮುಂದಿನ ಚಿತ್ರದಲ್ಲಿ ಉಬ್ಬು ಕರಗುತ್ತ ಬಂದದ್ದನ್ನೂ ನಡುವಿನ ಸಂದು ತೆರೆದೇ ಇದ್ದದ್ದನ್ನೂ ಕಂಡ ಮೇಲೆ ಮಾತ್ರ ಮೂಳೆಯ ವಿಷಯ ಮುಗಿಯಿತೆಂದು ದಾಖಲಿಸಿದೆವು.

ಮೂಳೆ ಕೂಡಿದ ಮೇಲೆ

ಈ ಹಂತದಲ್ಲಿ ಹದ್ದು ನೋಡಲು ಪೂರ್ತಿ ಗುಣವಾದಂತಿತ್ತು. ತೂಕ 700 ಗ್ರಾಂ ದಾಟಿತ್ತು, ಕೂತಾಗ ಎರಡೂ ರೆಕ್ಕೆಗಳು ಸಮವಾಗಿ ಕಾಣುತ್ತಿದ್ದವು, ಹತ್ತಿರ ಹೋದರೆ ಬಾಯ್ತೆರೆದು ಬೆದರಿಸುತ್ತಿತ್ತು. ಇನ್ನೇಕೆ ಇಟ್ಟುಕೊಂಡಿದ್ದೀರಿ ಎಂಬ ಒತ್ತಾಯ ಬರುವುದು ಇಲ್ಲಿಯೇ, ತುಂಬ ಹಕ್ಕಿಗಳು ಕಾಡಿಗೆ ಹೋಗಿ ಹಸಿವಿನಿಂದ ಸಾಯುವಂತಾಗುವುದೂ ಈ ಹಂತದಲ್ಲಿ ಅವನ್ನು ಬಿಟ್ಟುಬಿಡುವುದರಿಂದ ಎಂದು ನಾನು ನಂಬಿದ್ದೇನೆ.

ಅರಿವಳಿಕೆಯಲ್ಲಿ ಎರಡೂ ರೆಕ್ಕೆಗಳನ್ನು ಚಾಚಿ ಅಳೆದಾಗ ಎಡದ ಮಣಿಕಟ್ಟು ಬಲದಷ್ಟು ಬಿಚ್ಚುತ್ತಿರಲಿಲ್ಲ; ಪಟೇಜಿಯಂನ ಅಂಚು ಬೆರಳಿಗೆ ಬಿಗಿದ ತಂತಿಯಂತೆ ಸಿಗುತ್ತಿತ್ತು. ಬೆಚ್ಚಗಿನ ಶಾಖ, ನಿಧಾನದ ಎಳೆತ, ಎಳೆದ ಸ್ಥಿತಿಯಲ್ಲೇ ಕೆಲಹೊತ್ತು ಹಿಡಿದಿರುವುದು, ಹೀಗೆ ಚಿಕಿತ್ಸೆಯನ್ನು ಮುಂದುವರಿಸಿದೆವು. ಅಂತರ ಕಡಿಮೆಯಾಗುತ್ತ ಬಂತು, ಆದರೆ ಕೊನೆಯ ಬಿಗಿತ ಹೋದದ್ದು ಹಕ್ಕಿ ತಾನಾಗಿ ರೆಕ್ಕೆ ಬಡಿಯತೊಡಗಿದ ಮೇಲೆಯೇ.

ಎರಡನೆಯ ಅಡ್ಡಿ ಮುರಿದ ಗರಿಗಳದು. ಗರಿ ಮುರಿದರೆ ತನ್ನಷ್ಟಕ್ಕೆ ಬೆಳೆಯುವುದಿಲ್ಲ. ಬುಡ ಉದುರಿ ಹೊಸ ಗರಿ ಹುಟ್ಟುವ ಕಾಲದವರೆಗೆ ಕಾಯಬೇಕು, ಅದಕ್ಕೆ ವರ್ಷವೇ ಹಿಡಿಯಬಹುದು. ಬುಡವನ್ನು ಕಿತ್ತರೆ ಹೊಸತು ಬೇಗ ಬರುತ್ತದೆ ಎಂದು ಹೇಳುವವರಿದ್ದಾರೆ. ಗರಿ ಹುಟ್ಟುವ ಗುಂಡಿಗೆ ಶಾಶ್ವತ ಹಾನಿಯಾಗುವ ಅಪಾಯವಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಹದ್ದಿಗೆ ಬಾಲವೆಂದರೆ ಚುಕ್ಕಾಣಿ: ಆಕಾಶದಲ್ಲಿ ತೇಲುವಾಗ ಕವಲುಬಾಲವನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಲೇ ಅದು ದಿಕ್ಕು ತಿದ್ದಿಕೊಳ್ಳುತ್ತದೆ. ಬಾಲವಿಲ್ಲದ ಹದ್ದು ಗಾಳಿಯಲ್ಲಿ ಆಹಾರ ಕಸಿಯಲಾರದು.

ಆದ್ದರಿಂದ ಗರಿ ಕಸಿ ಮಾಡಿದೆವು. ಬೇಟೆಗೆ ಡೇಗೆ ಸಾಕುತ್ತಿದ್ದವರು ಶತಮಾನಗಳಿಂದ ಬಳಸುತ್ತ ಬಂದಿರುವ ವಿಧಾನವಿದು, ಇಂಪಿಂಗ್ ಎಂದು ಕರೆಯುತ್ತಾರೆ. ಬದುಕಿ ಉಳಿಯದ ಹದ್ದುಗಳ ಗರಿಗಳನ್ನು ಯಾವ ರೆಕ್ಕೆಯ ಎಷ್ಟನೆಯದು, ಬಾಲದ ಎಷ್ಟನೆಯದು ಎಂದು ಗುರುತು ಹಾಕಿ ಕಾಪಿಟ್ಟಿದ್ದ ಸಂಗ್ರಹ ಇಲ್ಲಿ ಕೆಲಸಕ್ಕೆ ಬಂತು. ಅದೇ ಜಾತಿಯ, ಅದೇ ಗಾತ್ರದ ಹಕ್ಕಿಯ ಅದೇ ಸ್ಥಾನದ ಗರಿಯೇ ಆಗಬೇಕು. ಮುರಿದ ಗರಿಯ ದಂಟನ್ನು ಬುಡದ ಬಳಿ ಕತ್ತರಿಸಿ, ಕಸಿಗರಿಯನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ, ಎರಡರ ಟೊಳ್ಳಿನೊಳಗೂ ಬಿಗಿಯಾಗಿ ಕೂರುವಂತೆ ಕೆತ್ತಿದ ಬಿದಿರಿನ ಕಡ್ಡಿಯನ್ನು ಅಂಟಿನೊಂದಿಗೆ ಸೇರಿಸಬೇಕು. ಅಂಟು ಪಕ್ಕದ ಗರಿಗೆ ತಾಕದಂತೆ ಕೆಳಗೆ ಕಾಗದದ ತುಂಡು ಇಟ್ಟುಕೊಳ್ಳಬೇಕು. ಅಂಟು ಗಟ್ಟಿಯಾಗುವ ಮೊದಲೇ ಗರಿಯ ಓರೆಯನ್ನು ನೆರೆಯ ಗರಿಗಳೊಂದಿಗೆ ಹೋಲಿಸಿ ತಿದ್ದಬೇಕು, ಏಕೆಂದರೆ ತುಸು ತಿರುಚಿ ಕೂತ ಗರಿ ಪ್ರತಿ ಬಡಿತಕ್ಕೂ ಪಕ್ಕದ್ದನ್ನು ಸವೆಸುತ್ತದೆ. ಸಂಗ್ರಹದಲ್ಲಿದ್ದ ಬಾಲದ ಅಂಚಿನ ಗರಿಯೊಂದು ಈ ಹದ್ದಿನ ಉಳಿದ ಗರಿಗಳಿಗಿಂತ ಸ್ಪಷ್ಟವಾಗಿ ತೆಳುಬಣ್ಣದ್ದಾಗಿತ್ತು. ಬೇರೆ ಇರಲಿಲ್ಲ, ಅದನ್ನೇ ಕೂರಿಸಿದೆವು.

ಪಾದಗಳ ಬಗ್ಗೆ ಎರಡು ಮಾತು. ಹಾರದೆ ಒಂದೇ ದಪ್ಪದ ನುಣುಪು ಕಂಬದ ಮೇಲೆ ಕೂರುವ ಬೇಟೆಹಕ್ಕಿಯ ಅಂಗಾಲಿನ ಚರ್ಮ ಸವೆದು, ಸೋಂಕು ತಗುಲಿ ಬಂಬಲ್‌ಫುಟ್ ಎಂಬ ಹುಣ್ಣಾಗುತ್ತದೆ. ಬೇರೆ ಬೇರೆ ದಪ್ಪದ ಕೊಂಬೆಗಳಿಗೆ ಕೃತಕ ಹುಲ್ಲಿನ ಹಾಸು ಸುತ್ತಿದ್ದರಿಂದಲೂ, ತೂಕ ಹಾಕುವಾಗಲೆಲ್ಲ ಅಂಗಾಲು ನೋಡುತ್ತಿದ್ದುದರಿಂದಲೂ ಇಲ್ಲಿ ಅದು ಕಾಣಿಸಲಿಲ್ಲ.

ಹಾರಾಟ

ಉದ್ದನೆಯ ಹಾರಾಟದ ಗೂಡಿಗೆ ಬಿಟ್ಟ ಮೊದಲ ದಿನಗಳಲ್ಲಿ ಹದ್ದು ಎಡಕ್ಕೆ ವಾಲಿ ಇಳಿಯುತ್ತಿತ್ತು, ಎತ್ತರದ ಕೊಂಬೆಗೆ ಏರದೆ ನೆಲದಲ್ಲೇ ಉಳಿಯುತ್ತಿತ್ತು. ಅದೇ ಗೂಡಿನಲ್ಲಿ ಇನ್ನೊಂದು ಹದ್ದಿತ್ತು. ಹದ್ದುಗಳು ರಾತ್ರಿ ಗುಂಪಾಗಿ ತಂಗುವ ಹಕ್ಕಿಗಳು. ಜೊತೆಯಿದ್ದರೆ ಅವುಗಳ ಗಾಬರಿ ಕಡಿಮೆ, ಆಹಾರಕ್ಕಾಗಿ ಪೈಪೋಟಿಯೂ ನಡೆಯುವುದರಿಂದ ಹಾರಾಟ ತಾನಾಗಿ ಹೆಚ್ಚುತ್ತದೆ. ಗೂಡಿಗೆ ಬಟ್ಟೆಯ ಮರೆ ಕಟ್ಟಿ, ಒಳಗೆ ಕಾಲಿಡದೆ ಹೊರಗಿನಿಂದಲೇ ಆಹಾರ ಜಾರಿಸಿ, ಹತ್ತಿರದಲ್ಲಿ ಮಾತಾಡುವುದನ್ನೂ ನಿಲ್ಲಿಸಿದ್ದೆವು. ಊರುಗಳ ಬಳಿ ಬದುಕುವ ಹದ್ದಿಗೆ ಮನುಷ್ಯರ ಪರಿಚಯ ಮೊದಲೇ ಇರುತ್ತದೆ. ಆದರೂ ಮನುಷ್ಯನ ಕೈಯೆಂದರೆ ಆಹಾರ ಎಂಬ ನಂಟು ಅದರ ಮನಸ್ಸಿನಲ್ಲಿ ಬೇರೂರಬಾರದು.

ಗೂಡಿನ ಹಾರಾಟ ಎಷ್ಟೇ ಉದ್ದವಾದರೂ ಕೆಲವೇ ಬಡಿತಗಳಲ್ಲಿ ಮುಗಿದುಹೋಗುತ್ತದೆ. ಉಸಿರಿನ ಶಕ್ತಿಯನ್ನು ಅಳೆಯಲು ತೆರೆದ ಬಯಲು ಬೇಕು. ಕಾಲುಗಳಿಗೆ ಮೃದುವಾದ ಪಟ್ಟಿ ಕಟ್ಟಿ, ಅದಕ್ಕೆ ಹಗುರವಾದ ಉದ್ದನೆಯ ದಾರ ಸೇರಿಸಿ, ಮರ-ತಂತಿಗಳಿಲ್ಲದ ಬಯಲಿನಲ್ಲಿ ಗಾಳಿಗೆ ಎದುರಾಗಿ ಹಾರಿಸಿದೆವು. ಒಬ್ಬರು ದಾರವನ್ನು ಹಿಡಿತದಲ್ಲಿಟ್ಟು, ಹಕ್ಕಿ ಕೊನೆ ಮುಟ್ಟುವ ಮುನ್ನ ಜಗ್ಗಾಗದಂತೆ ನಿಧಾನಿಸುತ್ತಿದ್ದರು. ಆರಂಭದಲ್ಲಿ ಒಂದೆರಡು ಹಾರಾಟಕ್ಕೇ ಬಾಯ್ತೆರೆದು ಏದುಸಿರು ಬಿಡುತ್ತಿತ್ತು. ವಾರಗಳ ಅಭ್ಯಾಸದ ಮೇಲೆ ಅದೇ ದೂರವನ್ನು ಹತ್ತಾರು ಬಾರಿ ಹಾರಿಯೂ ಬಾಯಿ ಮುಚ್ಚಿಯೇ ಕೂರತೊಡಗಿತು, ನೆಲದಿಂದ ನೇರ ಮೇಲಕ್ಕೇರತೊಡಗಿತು. ಹಿಂದಿನಿಂದ ನೋಡಿದಾಗ ಎಡ-ಬಲದ ವ್ಯತ್ಯಾಸ ಗುರುತಿಸಲಾಗದಂತಾಯಿತು.

ಹಾರಾಟ ಹೀಗೆ ಸುಧಾರಿಸದೇ ಹೋಗಿದ್ದರೆ ಏನು ಮಾಡಬೇಕೆಂಬುದನ್ನು ಮುಂಚೆಯೇ ನಿರ್ಧರಿಸಿದ್ದೆವು. ಕಾಡಿನಲ್ಲಿ ಬೆಳೆದ, ಮನುಷ್ಯನನ್ನು ಕಂಡಾಗಲೆಲ್ಲ ಗೋಡೆಗೆ ಬಡಿದುಕೊಳ್ಳುವ ಹಕ್ಕಿಯನ್ನು ಜೀವಮಾನವಿಡೀ ಗೂಡಿನಲ್ಲಿಡುವುದು ದಯೆಯಲ್ಲ. ಅಂಥ ಸಂದರ್ಭದಲ್ಲಿ ನೋವಿಲ್ಲದ ದಯಾಮರಣವೇ ಸರಿಯೆಂದು ನಾನು ತಿಳಿಯುತ್ತೇನೆ. ಈ ಮಿತಿಯೂ ಜಾತಿಯಿಂದ ಜಾತಿಗೆ ಬೇರೆ. ಸತ್ತ ಪ್ರಾಣಿಯನ್ನೂ ತಿನ್ನುವ ಹದ್ದು ಸಣ್ಣ ಕೊರತೆಯೊಂದಿಗೆ ಬದುಕಬಹುದು. ಗಾಳಿಯಲ್ಲಿ ಹಾರುವ ಹಕ್ಕಿಯನ್ನೇ ಹಿಡಿದು ತಿನ್ನಬೇಕಾದ ಪೆರಿಗ್ರೀನ್ ಡೇಗೆಗೆ ಅದೇ ಕೊರತೆ ಸಾವು ತರುತ್ತದೆ.

ಬಿಡುಗಡೆ ಮತ್ತು ಆಮೇಲೆ

ಹದ್ದು ವಲಸೆ ಹೋಗದ ಗುಂಪಿಗೆ ಸೇರಿದ್ದರಿಂದ ಋತುವಿನ ಕಟ್ಟುಪಾಡಿರಲಿಲ್ಲ. ಮುಂದಿನ ಕೆಲವು ದಿನ ಮಳೆಯಿಲ್ಲವೆಂದು ನೋಡಿಕೊಂಡು, ಕಾಡುಹಕ್ಕಿಗಳ ಮೇಲ್ವಿಚಾರಣೆ ಹೊತ್ತ ಇಲಾಖೆಯ ಅನುಮತಿಯೊಂದಿಗೆ ಕಾಲಿಗೆ ಸಂಖ್ಯೆಯುಳ್ಳ ಲೋಹದ ಉಂಗುರ ತೊಡಿಸಿ, ಅದು ಸಿಕ್ಕಿದ್ದ ಜಾಗಕ್ಕೆ ಹತ್ತಿರವೇ, ಹದ್ದುಗಳು ತಂಗುವ ಮರಗಳಿರುವ ಕಡೆಗೆ ಬೆಳಗಿನಲ್ಲೇ ಒಯ್ದೆವು. ಹಕ್ಕಿಯನ್ನು ಎರಡು ಕೈಗಳಿಂದ ಮೇಲಕ್ಕೆ ಚಿಮ್ಮುವುದು ಫೋಟೋಗೆ ಚೆನ್ನಾಗಿ ಕಾಣುತ್ತದೆ, ಆದರೆ ಆ ಕ್ಷಣದಲ್ಲಿ ಸಜ್ಜಾಗಿರದ ಹಕ್ಕಿ ನೆಲಕ್ಕೆ ಬಡಿಯಬಹುದು. ಪೆಟ್ಟಿಗೆಯನ್ನು ದಿಬ್ಬದ ಮೇಲಿಟ್ಟು, ಬಾಗಿಲನ್ನು ಗಾಳಿಗೆ ಎದುರಾಗಿ ತೆರೆದು, ಹಿಂದೆ ಸರಿದು ನಿಂತೆವು. ಹದ್ದು ಹೊರಬಂದು, ಸ್ವಲ್ಪ ಹೊತ್ತು ದಿಬ್ಬದ ಮೇಲೆಯೇ ನಿಂತು ಮೈಗರಿ ಕೊಡವಿ, ತಾನಾಗಿ ಹಾರಿತು.

ಬಾಲಕ್ಕೆ ಕಸಿ ಮಾಡಿದ್ದ ತೆಳುಬಣ್ಣದ ಗರಿ ಆಮೇಲೆ ಅನಿರೀಕ್ಷಿತವಾಗಿ ನೆರವಾಯಿತು: ಕೆಳಗಿನಿಂದ ದುರ್ಬೀನಿನಲ್ಲಿ ನೋಡಿದರೆ ಗುಂಪಿನಲ್ಲಿಯೂ ಈ ಹದ್ದನ್ನು ಬೇರೆಯಾಗಿ ಗುರುತಿಸಬಹುದಾಗಿತ್ತು. ಮೊದಲ ಕೆಲವು ದಿನ ಅದು ಗುಂಪಿನ ಅಂಚಿನಲ್ಲಿ ಒಂಟಿಯಾಗಿ ಕೂರುತ್ತಿತ್ತು. ಬಳಿಕ ಇತರ ಹದ್ದುಗಳೊಂದಿಗೆ ಬಿಸಿಗಾಳಿಯ ಸುಳಿಯಲ್ಲಿ ಸುತ್ತುತ್ತ ಮೇಲೇರುವುದನ್ನೂ, ಇನ್ನೊಂದು ಹದ್ದಿನ ಕಾಲಿನಿಂದ ಆಹಾರ ಕಸಿಯಲು ಬೆನ್ನಟ್ಟುವುದನ್ನೂ ಕಂಡೆವು. ಎರಡು ತಿಂಗಳವರೆಗೂ ಅದೇ ಪ್ರದೇಶದಲ್ಲಿ ಅದನ್ನು ಮತ್ತೆ ಮತ್ತೆ ನೋಡಿದ ದಾಖಲೆಯಿದೆ. ಕಸಿ ಮಾಡಿದ ಗರಿ ಸಹಜವಾಗಿ ಉದುರಿದ ಮೇಲೆ ಗುರುತಿಗೆ ಉಳಿಯುವುದು ಉಂಗುರವೊಂದೇ, ಅದರ ಸಣ್ಣ ಅಂಕಿಗಳನ್ನು ಹಕ್ಕಿ ಕೈಗೆ ಸಿಕ್ಕದೆ ಓದಲಾಗದು. ಹಾಗಾಗಿ ಈ ಪ್ರಕರಣದ ಫಲಿತಾಂಶವನ್ನು ‘ಬಿಡುಗಡೆಯಾಯಿತು’ ಎಂದಷ್ಟೇ ಬರೆಯದೆ, ‘ಬಿಡುಗಡೆಯ ನಂತರ ಎರಡು ತಿಂಗಳವರೆಗೆ ಬದುಕಿದ್ದು, ಗುಂಪಿನೊಂದಿಗೆ ಆಹಾರ ಹುಡುಕುತ್ತಿದ್ದುದು ಖಚಿತ’ ಎಂದು ದಾಖಲೆ ಪುಸ್ತಕದಲ್ಲಿ ಬರೆದಿದ್ದೇವೆ.